ವಸಂತಕಾಲದ ಪರ್ವತಾರೋಹಣಕ್ಕೆ ಮುನ್ನ ಹಿಮದ ಸ್ಥಿತಿ ಹಾಗೂ ಹಿಮಕುಸಿತದ ಅಪಾಯವನ್ನು ಅಂದಾಜಿಸುವ ವಿಧಾನ

ಹಿಮಾಲಯಕ್ಕೆ ತೆರಳುವ ಆರೋಹಿಗಳಿಗೆ ಸಾರ್ವಜನಿಕ ಮಾಹಿತಿ

1. ಪೀಠಿಕೆ

ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ವರೆಗೆ ಕರ್ನಾಟಕದ ಅನೇಕ ಯುವಕ ಯುವತಿಯರು ಹಿಮಾಚಲ ಪ್ರದೇಶ, ಉತ್ತರಾಖಂಡ, ಸಿಕ್ಕಿಂ ಮತ್ತು ಲಡಾಖ್ ಪ್ರದೇಶಗಳಿಗೆ ಚಾರಣ ಹಾಗೂ ಪರ್ವತಾರೋಹಣಕ್ಕಾಗಿ ತೆರಳುತ್ತಾರೆ. ನಮ್ಮಲ್ಲಿ ಕಡುಬೇಸಿಗೆಯಾಗಿರುವ ಈ ಅವಧಿಯು ಹಿಮಾಲಯದ ಎತ್ತರದ ಭಾಗಗಳಲ್ಲಿ ಚಳಿಗಾಲದ ಹಿಮವು ಕರಗಲು ಆರಂಭಿಸುವ ಕಾಲವಾಗಿದೆ. ಆಕಾಶ ಶುಭ್ರವಾಗಿರುತ್ತದೆ, ಹಗಲು ದೀರ್ಘವಾಗಿರುತ್ತದೆ ಮತ್ತು ದಾರಿಗಳು ತೆರೆದಿರುತ್ತವೆ. ಆದರೆ ಹಿಮಕುಸಿತದ ಅಪಾಯವು ಚಳಿಗಾಲದೊಂದಿಗೆ ಮುಗಿಯುವುದಿಲ್ಲ. ಅದರ ಸ್ವರೂಪ ಮಾತ್ರ ಬದಲಾಗುತ್ತದೆ.

2019ರ ಮೇ ತಿಂಗಳ ಕೊನೆಯಲ್ಲಿ ಉತ್ತರಾಖಂಡದ ನಂದಾದೇವಿ ಪೂರ್ವ ಶಿಖರದ ಸಮೀಪದ ಹೆಸರಿಲ್ಲದ ಶಿಖರವೊಂದರಲ್ಲಿ ಎಂಟು ಆರೋಹಿಗಳು ಹಿಮಕುಸಿತಕ್ಕೆ ಬಲಿಯಾದರು. 2023ರ ಏಪ್ರಿಲ್ 4ರಂದು ಸಿಕ್ಕಿಂನ ನಾಥು ಲಾ ಮಾರ್ಗದಲ್ಲಿ ಏಳು ಪ್ರವಾಸಿಗರು ಮೃತಪಟ್ಟರು. ವಸಂತಕಾಲಕ್ಕೆ ಸೇರದಿದ್ದರೂ ಇನ್ನೊಂದು ದುರಂತವನ್ನು ಇಲ್ಲಿ ನೆನೆಯಬೇಕಾಗಿದೆ: 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ದಂಡಾ-2 ಶಿಖರದಲ್ಲಿ ತರಬೇತಿ ತಂಡದ 29 ಮಂದಿ ಹಿಮಕುಸಿತದಲ್ಲಿ ಮೃತಪಟ್ಟರು, ಅವರಲ್ಲಿ ಕರ್ನಾಟಕದವರೂ ಇದ್ದರು.

ಕರ್ನಾಟಕದ ಯಾವುದೇ ಬೆಟ್ಟದಲ್ಲಿ ಹಿಮ ಬೀಳುವುದಿಲ್ಲ. ಕುಮಾರ ಪರ್ವತ, ಮುಳ್ಳಯ್ಯನಗಿರಿ ಮುಂತಾದ ಬೆಟ್ಟಗಳನ್ನು ಹತ್ತಿ ಗಳಿಸಿದ ದೇಹದಾರ್ಢ್ಯವು ಹಿಮಾಲಯದಲ್ಲಿ ಖಂಡಿತ ಉಪಯುಕ್ತ. ಆದರೆ ಹಿಮದ ಸ್ಥಿತಿಯನ್ನು ಗುರುತಿಸುವ ಅನುಭವ ಅದರಿಂದ ಲಭಿಸುವುದಿಲ್ಲ. ಹಿಮದ ನಾಡಿನಲ್ಲಿ ಹುಟ್ಟಿ ಬೆಳೆದವರು ಕಾಲಿಟ್ಟ ಮಾತ್ರಕ್ಕೆ ತಿಳಿಯಬಲ್ಲದ್ದನ್ನು ನಮ್ಮವರು ನಿಯಮಗಳ ಮೂಲಕ, ಅಳತೆಗಳ ಮೂಲಕ ಮತ್ತು ಗಡಿಯಾರದ ಮೂಲಕ ತಿಳಿಯಬೇಕಾಗುತ್ತದೆ. ಆರೋಹಣ ತರಬೇತಿಗೆ ಅಥವಾ ಶಿಖರಾರೋಹಣದ ಅನುಮತಿಗೆ ಅರ್ಜಿ ಸಲ್ಲಿಸುವವರಿಗೆ ಈ ಮಾಹಿತಿಯನ್ನು ಆ ಉದ್ದೇಶದಿಂದ ನೀಡಲಾಗಿದೆ.

2. ಪದಗಳ ಅರ್ಥ

ದಿನಪತ್ರಿಕೆಗಳಲ್ಲಿ "ಹಿಮಪಾತ" ಎಂಬ ಪದವನ್ನು ಹಿಮ ಬೀಳುವುದಕ್ಕೂ, ಹಿಮರಾಶಿ ಜಾರಿ ಬರುವುದಕ್ಕೂ ಬಳಸುವುದುಂಟು. ಇಲ್ಲಿ ಗೊಂದಲವನ್ನು ತಪ್ಪಿಸಲು ಈ ಕೆಳಕಂಡ ಅರ್ಥಗಳನ್ನು ಅನುಸರಿಸಲಾಗಿದೆ.

ಹಿಮಪಾತ: ಆಕಾಶದಿಂದ ಹಿಮ ಬೀಳುವುದು.
ಹಿಮಕುಸಿತ: ಇಳಿಜಾರಿನ ಮೇಲೆ ಕೂಡಿದ್ದ ಹಿಮರಾಶಿ ಕಳಚಿ ಕೆಳಗೆ ನುಗ್ಗುವುದು.
ಹಿಮಫಲಕ: ಒಂದಕ್ಕೊಂದು ಅಂಟಿಕೊಂಡು ಹಲಗೆಯಂತೆ ಗಟ್ಟಿಯಾಗಿರುವ ಹಿಮದ ಪದರ.
ದುರ್ಬಲ ಪದರ: ಹಿಮಫಲಕದ ಅಡಿಯಲ್ಲಿ, ಸಕ್ಕರೆಯಂತೆ ಉದುರುವ ಹರಳುಗಳಿಂದ ಕೂಡಿದ ಪದರ.
ಹೆಪ್ಪುಗಟ್ಟಿದ ಹೊರಪದರ: ಹಗಲಿನಲ್ಲಿ ಕರಗಿದ ಹಿಮವು ರಾತ್ರಿಯಲ್ಲಿ ಮತ್ತೆ ಗಟ್ಟಿಯಾಗಿ ಉಂಟಾಗುವ ಮೇಲ್ಪದರ.
ಕಾರ್ನಿಸ್: ಗಾಳಿಯಿಂದಾಗಿ ಪರ್ವತದ ಏಣಿನ ಅಂಚಿನಾಚೆಗೆ ಸೂರಿನಂತೆ ಚಾಚಿಕೊಂಡ ಹಿಮ.
ಸೆರಾಕ್: ಹಿಮನದಿಯಲ್ಲಿ ಸೀಳಿ ನಿಂತಿರುವ ಮಂಜುಗಡ್ಡೆಯ ಗೋಪುರ ಅಥವಾ ಗೋಡೆ.

3. ಹಿಮಕುಸಿತ ಉಂಟಾಗುವ ಬಗೆ

3.1 ಇಳಿಜಾರಿನ ಕೋನ

ಹಿಮಫಲಕದ ಕುಸಿತಗಳು ಬಹುತೇಕ 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಆರಂಭವಾಗುತ್ತವೆ. 35ರಿಂದ 40 ಡಿಗ್ರಿಯ ನಡುವೆ ಅವುಗಳ ಸಂಖ್ಯೆ ಅತಿ ಹೆಚ್ಚು. 30 ಡಿಗ್ರಿಗಿಂತ ಕಡಿಮೆ ಇರುವ ಇಳಿಜಾರಿನಲ್ಲಿ ಹಿಮ ಜಾರುವುದು ಅಪರೂಪ. ಅತಿ ಕಡಿದಾದ ಭಾಗಗಳಲ್ಲಿ ಹಿಮವು ಆಗಿಂದಾಗ್ಗೆ ಉದುರಿಹೋಗುವುದರಿಂದ ದೊಡ್ಡ ಪ್ರಮಾಣದಲ್ಲಿ ಕೂಡುವುದಿಲ್ಲ. ಆರೋಹಿಗಳಿಗೆ ನಡೆಯಲು ಅನುಕೂಲವೆನಿಸುವ ಕಡಿದಾದ ಹಿಮದ ಇಳಿಜಾರುಗಳು ಹೆಚ್ಚಾಗಿ ಅಪಾಯದ ಕೋನದಲ್ಲಿಯೇ ಇರುತ್ತವೆ ಎಂಬುದನ್ನು ಗಮನಿಸಬೇಕು. ತಾವು ನಿಂತ ಸ್ಥಳ ಸಮತಟ್ಟಾಗಿದ್ದರೂ ಮೇಲಿನ ಇಳಿಜಾರು ಕಡಿದಾಗಿದ್ದಲ್ಲಿ ಅಪಾಯವು ಮೇಲಿನಿಂದ ಬರುತ್ತದೆ.

3.2 ಕುಸಿತದ ಮೂರು ಬಗೆಗಳು

ಅ) ಹಿಮಫಲಕದ ಕುಸಿತ: ದುರ್ಬಲ ಪದರದ ಮೇಲೆ ಗಟ್ಟಿ ಪದರ ಕುಳಿತಿರುವುದು, ಜೋಳದ ಕಾಳು ಹರಡಿದ ಓರೆ ನೆಲದ ಮೇಲೆ ಹಲಗೆ ಇಟ್ಟಂತೆ. ಒಬ್ಬ ವ್ಯಕ್ತಿಯ ಭಾರವೇ ಅದನ್ನು ಕಳಚಲು ಸಾಕಾಗಬಹುದು. ಯುರೋಪ್ ಮತ್ತು ಉತ್ತರ ಅಮೆರಿಕದ ದಾಖಲೆಗಳ ಪ್ರಕಾರ, ವಿಹಾರ ಹಾಗೂ ಕ್ರೀಡೆಗಾಗಿ ಹೋದವರು ಮೃತಪಟ್ಟ ಪ್ರಕರಣಗಳಲ್ಲಿ ಸುಮಾರು ಶೇ. 90ರಷ್ಟು ಕುಸಿತಗಳನ್ನು ಮೃತರು ಅಥವಾ ಅವರ ತಂಡದವರೇ ಅರಿಯದೆ ಪ್ರಚೋದಿಸಿರುತ್ತಾರೆ.

ಆ) ತೇವ ಹಿಮದ ಕುಸಿತ: ಬಿಸಿಲು, ಮಳೆ ಅಥವಾ ಬೆಚ್ಚನೆಯ ಗಾಳಿಯಿಂದ ಹಿಮದೊಳಗೆ ನೀರು ಇಳಿದು ಹರಳುಗಳ ನಡುವಿನ ಬಂಧ ಸಡಿಲಗೊಂಡಾಗ ಉಂಟಾಗುತ್ತದೆ. ವಸಂತಕಾಲದಲ್ಲಿ ಇದು ಪ್ರಮುಖ ಅಪಾಯ. ಇದರ ವೇಗವು ಒಣ ಹಿಮದ ಕುಸಿತಕ್ಕಿಂತ ಕಡಿಮೆ. ಆದರೆ ತೂಕ ಹೆಚ್ಚು, ಮತ್ತು ನಿಂತ ಕೂಡಲೇ ಅದು ಗಾರೆಯಂತೆ ಬಿಗಿಯುತ್ತದೆ.

ಇ) ಸೆರಾಕ್ ಕುಸಿತ: ಹಿಮನದಿಯ ನಿರಂತರ ಚಲನೆಯಿಂದ ಮಂಜುಗಡ್ಡೆಯ ಗೋಡೆ ಮುರಿದು ಬೀಳುವುದು. ಇದಕ್ಕೆ ಹೊತ್ತು ಗೊತ್ತು ಇಲ್ಲ. ನಿಖರ ಮುನ್ಸೂಚನೆಯೂ ಸಾಧ್ಯವಿಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಹಿಮಪ್ರಪಾತದಲ್ಲಿ 16 ನೇಪಾಳಿ ಪರ್ವತ ಕಾರ್ಮಿಕರು ಇಂತಹ ಕುಸಿತದಲ್ಲಿಯೇ ಮೃತಪಟ್ಟರು. ಇಂತಹ ಗೋಡೆಯ ಕೆಳಗಿನ ದಾರಿಯನ್ನು ಬಿಡುವುದು, ಅದು ಸಾಧ್ಯವಿಲ್ಲದಿದ್ದಲ್ಲಿ ಎಲ್ಲಿಯೂ ನಿಲ್ಲದೆ ದಾಟುವುದು, ಇವೆರಡೇ ಪರಿಹಾರಗಳು.

4. ವಸಂತಕಾಲದ ವಿಶೇಷತೆ

ಚಳಿಗಾಲದಲ್ಲಿ ಅಪಾಯವು ದಿನದಿಂದ ದಿನಕ್ಕೆ ಬದಲಾಗುತ್ತದೆ. ವಸಂತಕಾಲದಲ್ಲಿ ಗಂಟೆಯಿಂದ ಗಂಟೆಗೆ ಬದಲಾಗುತ್ತದೆ. ನಸುಕಿನಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದ ಇಳಿಜಾರು ಬೆಳಗಿನ 10 ಗಂಟೆಯ ಹೊತ್ತಿಗೆ ಮೊಣಕಾಲುದ್ದ ಕೆಸರಿನಂತಾಗಬಹುದು. ಆದುದರಿಂದ "ಈ ಶಿಖರ ಸುರಕ್ಷಿತವೇ?" ಎಂಬ ಪ್ರಶ್ನೆಗೆ ಅರ್ಥವಿಲ್ಲ. "ಈ ಇಳಿಜಾರು ಈ ದಿನ ಎಷ್ಟು ಗಂಟೆಯವರೆಗೆ ಸುರಕ್ಷಿತ?" ಎಂದು ಕೇಳಬೇಕು.

ಇದಕ್ಕೆ ಉತ್ತರವು ಮುಖ್ಯವಾಗಿ ಹಿಂದಿನ ರಾತ್ರಿಯನ್ನು ಅವಲಂಬಿಸಿದೆ. ಮೋಡವಿಲ್ಲದ ರಾತ್ರಿಯಲ್ಲಿ ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣಾಂಶವು ಸೊನ್ನೆಗಿಂತ ತುಸು ಮೇಲಿದ್ದರೂ ಮೇಲ್ಮೈ ಹೆಪ್ಪುಗಟ್ಟಬಲ್ಲದು. ಮೋಡ ಕವಿದ ರಾತ್ರಿಯಲ್ಲಿ ಈ ಶಾಖ ಹೊರಹೋಗದು. ಆಗ ಹಿಂದಿನ ಹಗಲಿನಲ್ಲಿ ಕರಗಿದ ಹಿಮವು ಸಡಿಲವಾಗಿಯೇ ಉಳಿದು, ಸೂರ್ಯೋದಯದ ಹೊತ್ತಿಗೆ ಅಪಾಯವು ಅರ್ಧದಾರಿ ಕ್ರಮಿಸಿರುತ್ತದೆ. ಮೋಡ ಕವಿದ ಬೆಚ್ಚನೆಯ ರಾತ್ರಿಯ ನಂತರ ಕಡಿದಾದ ಹಿಮದ ಇಳಿಜಾರನ್ನು ಏರಬಾರದು.

ಬಿಸಿಲು ಎಲ್ಲ ಇಳಿಜಾರುಗಳನ್ನೂ ಒಂದೇ ವೇಳೆಗೆ ತಲುಪುವುದಿಲ್ಲ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರು ಮೊದಲು, ನಂತರ ದಕ್ಷಿಣದ್ದು, ಕೊನೆಗೆ ಪಶ್ಚಿಮದ್ದು ಸಡಿಲಗೊಳ್ಳುತ್ತವೆ. ಉತ್ತರಾಭಿಮುಖ ಇಳಿಜಾರು ತಂಪಾಗಿ ಉಳಿಯುತ್ತದೆ. ಆದರೆ ಚಳಿಗಾಲದ ದುರ್ಬಲ ಪದರಗಳು ಬಹುಕಾಲ ಉಳಿಯುವುದೂ ಅಲ್ಲಿಯೇ. ಹಿಮಾಚಲ ಪ್ರದೇಶದ ಅಕ್ಷಾಂಶದಲ್ಲಿ ಮೇ ತಿಂಗಳ ಮಧ್ಯಭಾಗದಲ್ಲಿ ನಡುಹಗಲಿನ ಸೂರ್ಯನು ಕ್ಷಿತಿಜದಿಂದ ಸುಮಾರು 77 ಡಿಗ್ರಿ ಎತ್ತರದಲ್ಲಿರುತ್ತಾನೆ. ಹೀಗಾಗಿ ಉತ್ತರಾಭಿಮುಖ ಇಳಿಜಾರಿಗೂ ನೇರ ಬಿಸಿಲು ತಾಗುತ್ತದೆ. ಯುರೋಪಿನ ಆಲ್ಪ್ಸ್ ಪರ್ವತಗಳಿಗಾಗಿ ಬರೆದ ಕೈಪಿಡಿಗಳಲ್ಲಿನ ವೇಳಾಪಟ್ಟಿಯನ್ನು ಹಿಮಾಲಯಕ್ಕೆ ಹಾಗೆಯೇ ಅನ್ವಯಿಸಬಾರದು.

5. ಮೊದಲ ಹಂತ: ಊರಿನಿಂದ ಹೊರಡುವ ಮುನ್ನ

5.1 ನಕ್ಷೆಯ ಅಧ್ಯಯನ

ದಾರಿಯಲ್ಲಿ 30 ಡಿಗ್ರಿಗಿಂತ ಕಡಿದಾದ ಭಾಗಗಳು ಎಲ್ಲಿವೆ ಮತ್ತು ಅವು ಯಾವ ದಿಕ್ಕಿಗೆ ಮುಖ ಮಾಡಿವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. 1:50,000 ಪ್ರಮಾಣದ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ಅಂತರವು 40 ಮೀಟರ್ ಆಗಿದ್ದಲ್ಲಿ, ಎರಡು ರೇಖೆಗಳ ನಡುವೆ 1.4 ಮಿಲಿಮೀಟರ್‌ಗಿಂತ ಕಡಿಮೆ ಜಾಗವಿದ್ದರೆ ಆ ಇಳಿಜಾರು 30 ಡಿಗ್ರಿಗಿಂತ ಕಡಿದಾಗಿದೆ ಎಂದು ತಿಳಿಯಬೇಕು. 0.8 ಮಿಲಿಮೀಟರ್ ಇದ್ದರೆ ಕೋನವು ಸುಮಾರು 45 ಡಿಗ್ರಿ. ಕಿರಿದಾದ ಕಮರಿ, ಹಿಮಬಿರುಕು ಮತ್ತು ಬಂಡೆಯ ಅಂಚುಗಳ ಮೇಲ್ಭಾಗದ ಇಳಿಜಾರುಗಳನ್ನು ಪ್ರತ್ಯೇಕವಾಗಿ ಗುರುತು ಮಾಡತಕ್ಕದ್ದು. ಅಲ್ಲಿ ಸಣ್ಣ ಕುಸಿತವೂ ಪ್ರಾಣಾಂತಿಕ.

5.2 ಹವಾಮಾನ ಮತ್ತು ಹಿಮಕುಸಿತದ ಪ್ರಕಟಣೆಗಳು

ಭಾರತೀಯ ಹವಾಮಾನ ಇಲಾಖೆಯ ಶಿಮ್ಲಾ, ಡೆಹ್ರಾಡೂನ್ ಹಾಗೂ ಶ್ರೀನಗರ ಕೇಂದ್ರಗಳು ಮುನ್ಸೂಚನೆಗಳನ್ನು ಪ್ರಕಟಿಸುತ್ತವೆ. ಅವುಗಳಲ್ಲಿ "ವೆಸ್ಟರ್ನ್ ಡಿಸ್ಟರ್ಬೆನ್ಸ್" ಎಂಬ ಉಲ್ಲೇಖವನ್ನು ವಿಶೇಷವಾಗಿ ಗಮನಿಸಬೇಕು. ಪಶ್ಚಿಮದಿಂದ ಬರುವ ಈ ವಾಯುವ್ಯವಸ್ಥೆಗಳೇ ಪಶ್ಚಿಮ ಹಿಮಾಲಯಕ್ಕೆ ಚಳಿಗಾಲ ಮತ್ತು ವಸಂತಕಾಲದ ಹಿಮವನ್ನು ತರುತ್ತವೆ.

ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಅಧೀನದಲ್ಲಿ, ಚಂಡೀಗಢದಲ್ಲಿರುವ ಡಿಫೆನ್ಸ್ ಜಿಯೋಇನ್ಫರ್ಮ್ಯಾಟಿಕ್ಸ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್ ಹಿಮಕುಸಿತದ ಮುನ್ಸೂಚನೆಯನ್ನು ನೀಡುತ್ತದೆ. ಹಿಂದೆ ಮನಾಲಿಯಲ್ಲಿ ಹಿಮ ಮತ್ತು ಹಿಮಕುಸಿತದ ಅಧ್ಯಯನ ನಡೆಸುತ್ತಿದ್ದ ಸಂಸ್ಥೆಯನ್ನು 2020ರಲ್ಲಿ ಇದರಲ್ಲಿ ವಿಲೀನಗೊಳಿಸಲಾಯಿತು. ಈ ಪ್ರಕಟಣೆಗಳು ಜಿಲ್ಲೆ ಮತ್ತು ಎತ್ತರವನ್ನು ಆಧರಿಸಿರುತ್ತವೆಯೇ ಹೊರತು ನಿರ್ದಿಷ್ಟ ಶಿಖರದ ನಿರ್ದಿಷ್ಟ ಇಳಿಜಾರನ್ನು ಕುರಿತು ಇರುವುದಿಲ್ಲ. ಮೇ ಅಥವಾ ಜೂನ್ ತಿಂಗಳಲ್ಲಿ ಎಚ್ಚರಿಕೆ ಪ್ರಕಟವಾಗಿಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಭಾವಿಸಬಾರದು.

ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ ಅಪಾಯವನ್ನು ಐದು ಮಟ್ಟಗಳಲ್ಲಿ ಸೂಚಿಸುವ ಪದ್ಧತಿ ಇದೆ: 1 ಕಡಿಮೆ, 2 ಮಧ್ಯಮ, 3 ಗಣನೀಯ, 4 ಹೆಚ್ಚು, 5 ಅತಿ ಹೆಚ್ಚು. ಐದರಲ್ಲಿ ಮೂರು ಎಂದರೆ ನಡುವಿನ ಮಟ್ಟ, ಚಿಂತೆಯಿಲ್ಲ ಎಂದು ತಿಳಿಯುವುದು ಸರಿಯಲ್ಲ. 4 ಮತ್ತು 5ರ ಮಟ್ಟದಲ್ಲಿ ಜನರು ಹೊರಗೆ ಹೋಗುವುದಿಲ್ಲ. 3ರಲ್ಲಿ ಹೋಗುತ್ತಾರೆ, ಮತ್ತು ಹೆಚ್ಚಿನ ಸಾವುಗಳು ಆ ಮಟ್ಟದಲ್ಲಿಯೇ ಸಂಭವಿಸುತ್ತವೆ.

5.3 ಹೆಚ್ಚುವರಿ ದಿನಗಳು

ಕಾರ್ಯಕ್ರಮದಲ್ಲಿ ಕನಿಷ್ಠ ಎರಡು ಹೆಚ್ಚುವರಿ ದಿನಗಳನ್ನು ಇಟ್ಟುಕೊಳ್ಳುವುದು ಅವಶ್ಯಕ. ಬೆಂಗಳೂರು, ಹುಬ್ಬಳ್ಳಿ ಅಥವಾ ಮಂಗಳೂರಿನಿಂದ ಹೋಗುವವರ ರಜೆ, ರೈಲು ಹಾಗೂ ವಿಮಾನದ ಟಿಕೆಟುಗಳು ಮುಂಚಿತವಾಗಿಯೇ ನಿಗದಿಯಾಗಿರುತ್ತವೆ. ಹೆಚ್ಚುವರಿ ದಿನವಿಲ್ಲದ ತಂಡವು ಹಿಮದ ಸ್ಥಿತಿಯನ್ನು ನೋಡಿ ತೀರ್ಮಾನಿಸುವುದಿಲ್ಲ, ಟಿಕೆಟಿನ ದಿನಾಂಕವನ್ನು ನೋಡಿ ತೀರ್ಮಾನಿಸುತ್ತದೆ. ಆಯೋಜಕರೊಂದಿಗೆ ಹಣ ಪಾವತಿಸುವ ಮುನ್ನವೇ ಈ ವಿಷಯವನ್ನು ಲಿಖಿತವಾಗಿ ಖಚಿತಪಡಿಸಿಕೊಳ್ಳುವುದು ಒಳಿತು.

6. ಎರಡನೆಯ ಹಂತ: ಮೂಲ ಶಿಬಿರದಲ್ಲಿ

ಮೂಲ ಶಿಬಿರವನ್ನು ತಲುಪಿದ ದಿನದಿಂದಲೇ ವೀಕ್ಷಣೆ ಆರಂಭವಾಗಬೇಕು. ಈ ಕೆಳಕಂಡ ಅಂಶಗಳನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಅ) ಹೊಸ ಹಿಮ: 24 ಗಂಟೆಗಳಲ್ಲಿ 30 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಹಿಮ ಬಿದ್ದಲ್ಲಿ ಅಪಾಯ ತೀವ್ರವೆಂದು ಪರಿಗಣಿಸಬೇಕು. ಗಾಳಿ ಜೋರಾಗಿದ್ದಲ್ಲಿ ಇದಕ್ಕಿಂತ ಕಡಿಮೆ ಹಿಮವೂ ಅಪಾಯಕಾರಿ.

ಆ) ಗಾಳಿ: ಗಾಳಿಯು ಏಣಿನ ಒಂದು ಬದಿಯ ಹಿಮವನ್ನು ಹೊತ್ತು ಮರೆಯ ಬದಿಯಲ್ಲಿ ಸುರಿಯುತ್ತದೆ. ಮರೆಯ ಬದಿಯಲ್ಲಿ ಹೀಗೆ ಕೂಡುವ ಹಿಮವು ಆಕಾಶದಿಂದ ಬಿದ್ದ ಪ್ರಮಾಣದ ಹಲವು ಪಟ್ಟು ಇರಬಹುದು. ಏಣಿನ ಅಂಚಿನಿಂದ ಹಿಮದ ಧೂಳು ಬಾವುಟದಂತೆ ಹಾರುತ್ತಿರುವುದು ಮತ್ತು ಕಾರ್ನಿಸ್ ಚಾಚಿರುವುದು ಇದರ ಲಕ್ಷಣಗಳು.

ಇ) ಇತ್ತೀಚಿನ ಕುಸಿತಗಳು: ಎದುರಿನ ಇಳಿಜಾರುಗಳಲ್ಲಿ ಯಾವ ಎತ್ತರದಲ್ಲಿ, ಯಾವ ದಿಕ್ಕಿಗೆ ಮುಖ ಮಾಡಿದ ಭಾಗದಲ್ಲಿ, ಯಾವ ಹೊತ್ತಿನಲ್ಲಿ ಕುಸಿತ ಉಂಟಾಯಿತು ಎಂಬುದನ್ನು ದಾಖಲಿಸಬೇಕು. ಇದಕ್ಕಿಂತ ವಿಶ್ವಾಸಾರ್ಹ ಸೂಚನೆ ಬೇರೊಂದಿಲ್ಲ. ತಮ್ಮ ದಾರಿಯೂ ಅದೇ ಎತ್ತರದಲ್ಲಿ, ಅದೇ ದಿಕ್ಕಿಗೆ ಇದ್ದಲ್ಲಿ ಅಲ್ಲಿಯೂ ಕುಸಿತ ಸಂಭವಿಸಬಹುದೆಂದು ತಿಳಿಯಬೇಕು.

ಈ) ಉಷ್ಣಾಂಶ: ಎತ್ತರ ಹೆಚ್ಚಿದಂತೆ ಪ್ರತಿ 1,000 ಮೀಟರ್‌ಗೆ ಉಷ್ಣಾಂಶವು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಉದಾಹರಣೆಗೆ, ಸುಮಾರು 2,050 ಮೀಟರ್ ಎತ್ತರದ ಮನಾಲಿಯಲ್ಲಿ ರಾತ್ರಿಯ ಉಷ್ಣಾಂಶ 12 ಡಿಗ್ರಿ ಇದ್ದಲ್ಲಿ, ಸೊನ್ನೆ ಡಿಗ್ರಿಯು ಸುಮಾರು 3,900 ಮೀಟರ್ ಎತ್ತರದಲ್ಲಿರುತ್ತದೆ. ಇದು ಸ್ಥೂಲ ಅಂದಾಜು ಮಾತ್ರ. ಶಿಬಿರದಲ್ಲಿ ಉಷ್ಣಮಾಪಕದಿಂದ ರಾತ್ರಿ ಮತ್ತು ನಸುಕಿನಲ್ಲಿ ಅಳೆಯುವುದು ಅವಶ್ಯಕ.

ಉ) ಸ್ಥಳೀಯರ ಅಭಿಪ್ರಾಯ: ಕುರಿ ಮೇಯಿಸಲು ಬರುವ ಗದ್ದಿ ಸಮುದಾಯದವರು, ಹಮಾಲರು ಮತ್ತು ಸ್ಥಳೀಯ ಮಾರ್ಗದರ್ಶಕರು ಒಂದೇ ಕಣಿವೆಯನ್ನು ಅನೇಕ ವರ್ಷಗಳಿಂದ ನೋಡಿರುತ್ತಾರೆ. ಅವರು ಬೇಡವೆಂದ ದಾರಿಯಲ್ಲಿ ಹೋಗಬಾರದು.

ಹಿಮಪಾತ ನಿಂತ ಬಳಿಕ ಕನಿಷ್ಠ 24ರಿಂದ 48 ಗಂಟೆಗಳವರೆಗೆ ಕಡಿದಾದ ಇಳಿಜಾರುಗಳಿಂದ ದೂರವಿರಬೇಕು. ಹಿಮಪಾತದ ನಂತರದ ಮೊದಲ ಬಿಸಿಲಿನ ದಿನ ನೋಡಲು ಅತ್ಯಂತ ಸುಂದರ. ಅಪಾಯದ ದೃಷ್ಟಿಯಿಂದ ಅತ್ಯಂತ ಕೆಟ್ಟ ದಿನಗಳಲ್ಲಿ ಅದೂ ಒಂದು.

7. ಮೂರನೆಯ ಹಂತ: ಆರೋಹಣದ ರಾತ್ರಿ

7.1 ಹೊರಡುವ ವೇಳೆಯ ಲೆಕ್ಕ

ಹೊರಡುವ ವೇಳೆಯನ್ನು ಶಿಖರ ತಲುಪುವ ವೇಳೆಯಿಂದಲ್ಲ, ಅಪಾಯದ ಇಳಿಜಾರಿನಿಂದ ಕೆಳಗಿಳಿದು ಮುಗಿಸಬೇಕಾದ ವೇಳೆಯಿಂದ ಹಿಂದಕ್ಕೆ ಎಣಿಸಬೇಕು. ಮನಾಲಿ ಸಮೀಪದ ಸೋಲಾಂಗ್ ಕಣಿವೆಯ ಮೇಲ್ಭಾಗದಲ್ಲಿರುವ 5,289 ಮೀಟರ್ ಎತ್ತರದ ಫ್ರೆಂಡ್‌ಶಿಪ್ ಶಿಖರದಂತಹ ಹಿಮಶಿಖರಗಳನ್ನು ಮಧ್ಯರಾತ್ರಿಯ ಆಸುಪಾಸಿನಲ್ಲಿ ಹೊರಟು ಏರುವುದು ಈ ಕಾರಣದಿಂದ.

ಮಾದರಿ ಲೆಕ್ಕ: ಶಿಬಿರದ ವೀಕ್ಷಣೆಯಿಂದ ಇಳಿಜಾರು ಬೆಳಿಗ್ಗೆ 10 ಗಂಟೆಯ ನಂತರ ಸಡಿಲಗೊಳ್ಳುತ್ತದೆ ಎಂದು ಕಂಡುಬಂದಿದೆ ಎಂದಿಟ್ಟುಕೊಳ್ಳೋಣ. ಏರಲು 6 ಗಂಟೆ, ಶಿಖರದ ಮೇಲೆ ಅರ್ಧ ಗಂಟೆ, ಕಡಿದಾದ ಭಾಗ ಇಳಿಯಲು 2 ಗಂಟೆ, ಒಟ್ಟು 8 ಗಂಟೆ 30 ನಿಮಿಷ. ಅಂದರೆ ರಾತ್ರಿ 1.30ಕ್ಕೆ ಹೊರಡಬೇಕು. ತಡವಾದರೆಂದು ಒಂದು ಗಂಟೆ ಸೇರಿಸಿದಲ್ಲಿ 12.30ಕ್ಕೆ. ಈ ಲೆಕ್ಕದಂತೆ ಬೆಳಿಗ್ಗೆ 8 ಗಂಟೆಯ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗತಕ್ಕದ್ದು. ಶಿಖರವು ನೂರು ಮೀಟರ್ ದೂರದಲ್ಲಿದ್ದರೂ ಈ ಗಡುವು ಬದಲಾಗುವುದಿಲ್ಲ.

7.2 ಹೊರಡುವ ಮುನ್ನ ಪರೀಕ್ಷೆ

ಡೇರೆಯಿಂದ ಹೊರಬಂದ ಕೂಡಲೇ ಮೂರು ಸಂಗತಿಗಳನ್ನು ನೋಡಬೇಕು.

ಅ) ಆಕಾಶದಲ್ಲಿ ನಕ್ಷತ್ರಗಳು ಸ್ಪಷ್ಟವಾಗಿ ಕಾಣುತ್ತಿವೆಯೇ?
ಆ) ಹಿಮದ ಮೇಲೆ ಬೂಟಿನಿಂದ ಬಲವಾಗಿ ತುಳಿದಾಗ ಹೊರಪದರ ಭಾರವನ್ನು ತಾಳುತ್ತದೆಯೇ?
ಇ) ಐಸ್ ಆ್ಯಕ್ಸ್‌ನ ಹಿಡಿಯನ್ನು ಒತ್ತಿದಾಗ, ಹೊರಪದರವನ್ನು ಭೇದಿಸಿದ ನಂತರ ಅದು ತಡೆಯಿಲ್ಲದೆ ಇಳಿದುಹೋಗುತ್ತದೆಯೇ?

ಮೊದಲ ಎರಡಕ್ಕೆ "ಹೌದು", ಮೂರನೆಯದಕ್ಕೆ "ಇಲ್ಲ" ಎಂಬ ಉತ್ತರ ಬಂದಲ್ಲಿ ಮಾತ್ರ ಹೊರಡಬಹುದು. ಹೊರಪದರ ತೆಳುವಾಗಿದ್ದು ಅದರ ಕೆಳಗೆ ತೇವ ಹಿಮವಿದ್ದಲ್ಲಿ, ಬಿಸಿಲು ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಅದು ಮುರಿಯುತ್ತದೆ. ಶಿಬಿರವು ಮೇಲಿನ ಇಳಿಜಾರಿಗಿಂತ ತಗ್ಗಿನಲ್ಲಿರುವುದರಿಂದ, ಎತ್ತರಕ್ಕೆ ಹೋದಂತೆ ಈ ಪರೀಕ್ಷೆಯನ್ನು ಪುನಃ ಮಾಡಬೇಕು.

8. ನಾಲ್ಕನೆಯ ಹಂತ: ಇಳಿಜಾರಿನ ಮೇಲೆ

8.1 ಕೋನದ ಅಳತೆ

ಸಮಾನ ಉದ್ದದ ಎರಡು ಚಾರಣದ ಕೋಲುಗಳಿಂದ ಕೋನವನ್ನು ಅಂದಾಜಿಸಬಹುದು. ಒಂದು ಕೋಲಿನ ತುದಿಯನ್ನು ಇಳಿಜಾರಿಗೆ ತಾಗಿಸಿ, ಕೋಲನ್ನು ಕಣಿವೆಯ ಕಡೆಗೆ ಮಟ್ಟಸವಾಗಿ ಹಿಡಿಯಬೇಕು. ಅದರ ಇನ್ನೊಂದು ತುದಿಯಿಂದ ಎರಡನೆಯ ಕೋಲನ್ನು ನೇರವಾಗಿ ಕೆಳಗೆ ಇಳಿಬಿಡಬೇಕು. ಇಳಿಬಿಟ್ಟ ಕೋಲಿನ ಪೂರ್ಣ ಉದ್ದಕ್ಕೆ ಹಿಮ ಸಿಕ್ಕಲ್ಲಿ ಕೋನ 45 ಡಿಗ್ರಿ. ಅರ್ಧ ಉದ್ದಕ್ಕೆ ಸಿಕ್ಕಲ್ಲಿ ಸುಮಾರು 27 ಡಿಗ್ರಿ. ಅರ್ಧಕ್ಕಿಂತ ಹೆಚ್ಚಾದ ಕೂಡಲೇ ಅಪಾಯದ ಕೋನ ಸಮೀಪಿಸಿತೆಂದು ತಿಳಿಯಬೇಕು.

8.2 ಎಚ್ಚರಿಕೆಯ ಲಕ್ಷಣಗಳು

ಈ ಕೆಳಕಂಡ ಲಕ್ಷಣಗಳಲ್ಲಿ ಯಾವುದಾದರೂ ಒಂದು ಕಂಡರೂ ಕಡಿದಾದ ಇಳಿಜಾರಿನಿಂದ ತಕ್ಷಣ ಹಿಂದೆ ಸರಿಯತಕ್ಕದ್ದು.

ಅ) ಕಾಲಿಟ್ಟಾಗ ಹಿಮದ ಒಳಗಿನಿಂದ "ಧಪ್" ಎಂಬ ಮಂದ ಶಬ್ದ ಬಂದು ನೆಲ ಕುಸಿದಂತಾಗುವುದು. ಇದು ದುರ್ಬಲ ಪದರ ಮುರಿದ ಶಬ್ದ.
ಆ) ಕಾಲಿನ ಬಳಿಯಿಂದ ಹಿಮದಲ್ಲಿ ಬಿರುಕುಗಳು ಓಡುವುದು.
ಇ) ಬಂಡೆಗಳ ಬುಡದಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳುತ್ತಾ, ದೊಡ್ಡದಾಗುತ್ತಾ ಬರುವುದು.
ಈ) ತೇವ ಹಿಮದಲ್ಲಿ ಕಾಲು ಹರಡಿನಿಂದ ಮೇಲಕ್ಕೆ ಮುಳುಗತೊಡಗುವುದು.
ಉ) ಹಿಮವನ್ನು ಮುಷ್ಟಿಯಲ್ಲಿ ಹಿಂಡಿದಾಗ ನೀರು ತೊಟ್ಟಿಕ್ಕುವುದು.
ಊ) ಹಿಮದ ಮೇಲೆ ಮಳೆ ಬೀಳುವುದು.

8.3 ಹಿಮದ ಪದರಗಳ ಪರೀಕ್ಷೆ

ಹೊಂಡ ತೋಡಿ ಪದರಗಳನ್ನು ಪರೀಕ್ಷಿಸುವ ವಿಧಾನವನ್ನು ತರಬೇತಿ ಸಂಸ್ಥೆಗಳಲ್ಲಿ ಕಲಿಸಲಾಗುತ್ತದೆ. 30 ಸೆಂಟಿಮೀಟರ್ ಚೌಕದ ಹಿಮಸ್ತಂಭವನ್ನು ಬೇರ್ಪಡಿಸಿ, ಅದರ ಮೇಲೆ ಸಲಿಕೆಯನ್ನಿಟ್ಟು, ಮಣಿಕಟ್ಟಿನಿಂದ 10, ಮೊಣಕೈಯಿಂದ 10 ಮತ್ತು ಭುಜದಿಂದ 10 ಬಾರಿ ತಟ್ಟಲಾಗುತ್ತದೆ. ಕಡಿಮೆ ಏಟಿಗೆ ಸ್ತಂಭವು ಸಪಾಟಾಗಿ ಜಾರಿದಲ್ಲಿ ದುರ್ಬಲ ಪದರವಿದೆಯೆಂದು ತಿಳಿಯಬೇಕು. ಆದರೆ ಒಂದು ಹೊಂಡವು ಒಂದು ಸ್ಥಳದ ಸ್ಥಿತಿಯನ್ನಷ್ಟೇ ತಿಳಿಸುತ್ತದೆ. ಕೆಟ್ಟ ಫಲಿತಾಂಶ ಬಂದಲ್ಲಿ ಹಿಂದಿರುಗಬೇಕು. ಒಳ್ಳೆಯ ಫಲಿತಾಂಶವೊಂದನ್ನೇ ನಂಬಿ ಮುಂದುವರಿಯಬಾರದು. ತೇವ ಹಿಮದ ವಿಷಯದಲ್ಲಿ ಈ ಪರೀಕ್ಷೆಗಿಂತ ರಾತ್ರಿಯ ಉಷ್ಣಾಂಶ ಮತ್ತು ಗಡಿಯಾರ ಹೆಚ್ಚು ನಂಬಲರ್ಹ.

8.4 ದಾಟುವ ಕ್ರಮ

ಅನುಮಾನವಿರುವ ಇಳಿಜಾರನ್ನು ಒಬ್ಬರ ನಂತರ ಒಬ್ಬರು ದಾಟಬೇಕು. ಉಳಿದವರು ಸುರಕ್ಷಿತ ಸ್ಥಳದಿಂದ ಅವರನ್ನು ಗಮನಿಸುತ್ತಿರಬೇಕು. ಅಂತಹ ಇಳಿಜಾರಿನ ಕೆಳಗೆ ವಿಶ್ರಾಂತಿ, ಊಟ ಅಥವಾ ಛಾಯಾಚಿತ್ರಕ್ಕಾಗಿ ನಿಲ್ಲಬಾರದು. ಏಣಿನ ಮೇಲೆ ನಡೆಯುವಾಗ ಕಾರ್ನಿಸ್‌ನ ಅಂಚಿನಿಂದ ಸಾಕಷ್ಟು ಒಳಗೆ ಇರಬೇಕು. ಅದು ಊಹಿಸಿದ್ದಕ್ಕಿಂತ ಒಳಭಾಗದಿಂದ ಮುರಿಯುವುದು ಸಾಮಾನ್ಯ.

9. ಸಲಕರಣೆ ಮತ್ತು ರಕ್ಷಣೆಯ ಮಿತಿ

ಹಿಮಕುಸಿತದ ಸಾಧ್ಯತೆ ಇರುವ ದಾರಿಯಲ್ಲಿ ಪ್ರತಿಯೊಬ್ಬರ ಬಳಿಯೂ 457 ಕಿಲೋಹರ್ಟ್ಸ್ ತರಂಗದಲ್ಲಿ ಕೆಲಸ ಮಾಡುವ ಟ್ರಾನ್ಸೀವರ್, ಹಿಮದಲ್ಲಿ ಚುಚ್ಚಿ ಹುಡುಕುವ ಪ್ರೋಬ್ ಕೋಲು ಮತ್ತು ಲೋಹದ ಸಲಿಕೆ ಇರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಉಳಿದೆರಡರ ಪ್ರಯೋಜನ ಬಹಳ ಕಡಿಮೆಯಾಗುತ್ತದೆ. ಇವುಗಳ ಬಳಕೆಯನ್ನು ಮುಂಚಿತವಾಗಿ ಅಭ್ಯಾಸ ಮಾಡಿರಬೇಕು.

ಹಿಮದಡಿ ಪೂರ್ಣವಾಗಿ ಹೂತವರನ್ನು 10 ನಿಮಿಷದೊಳಗೆ ಹೊರತೆಗೆದಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದಲ್ಲಿ ಬದುಕುವವರು ಸುಮಾರು ಮೂರರಲ್ಲಿ ಒಬ್ಬರು ಮಾತ್ರ. ಉಸಿರುಗಟ್ಟುವುದೇ ಸಾವಿನ ಮುಖ್ಯ ಕಾರಣ. ಎತ್ತರದ ಶಿಬಿರಕ್ಕೆ ಹೆಲಿಕಾಪ್ಟರ್ ಅಥವಾ ರಕ್ಷಣಾ ತಂಡ ಇಷ್ಟು ಬೇಗ ತಲುಪಲು ಸಾಧ್ಯವಿಲ್ಲ. ಬದುಕಿಸಬಲ್ಲವರು ಸ್ಥಳದಲ್ಲಿರುವ ಸಂಗಡಿಗರು ಮಾತ್ರ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹತ್ತು ಯೋಧರು ಹಿಮರಾಶಿಯಡಿ ಸಿಲುಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಜೀವಂತವಾಗಿ ದೊರೆತು, ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ನಿಧನರಾದರು. ಉಳಿದ ಒಂಬತ್ತು ಮಂದಿ ಬದುಕುಳಿಯಲಿಲ್ಲ. ನಾಡು ಇಂದಿಗೂ ಸ್ಮರಿಸುವ ಆ ಘಟನೆಯು ಅಪರೂಪದಲ್ಲಿ ಅಪರೂಪದ್ದು. ಆರೋಹಿಗಳು ತಮ್ಮ ಯೋಜನೆಯಲ್ಲಿ ಅಂತಹ ಅವಕಾಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು.

10. ತರಬೇತಿ ಮತ್ತು ಅನುಮತಿ

ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯು ಸಾಹಸ ಚಟುವಟಿಕೆಗಳ ತರಬೇತಿ ನೀಡುತ್ತದೆ. ಹಿಮದ ಮೇಲಿನ ತರಬೇತಿಗಾಗಿ ಡಾರ್ಜಿಲಿಂಗ್, ಉತ್ತರಕಾಶಿ, ಮನಾಲಿ ಮತ್ತು ಪಹಲ್ಗಾಮ್‌ನಲ್ಲಿ ಪರ್ವತಾರೋಹಣ ಸಂಸ್ಥೆಗಳಿವೆ. ಪ್ರಾಥಮಿಕ ಶಿಬಿರದ ಅವಧಿ ಸುಮಾರು ನಾಲ್ಕು ವಾರಗಳು. ಶಿಖರಾರೋಹಣಕ್ಕೆ ತೆರಳುವ ಮುನ್ನ ಈ ತರಬೇತಿಯನ್ನು ಪಡೆಯುವುದು ಅಪೇಕ್ಷಣೀಯ.

ಶಿಖರ ಮತ್ತು ಪ್ರದೇಶವನ್ನು ಅನುಸರಿಸಿ ನವದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನ, ಸಂಬಂಧಪಟ್ಟ ರಾಜ್ಯದ ಅರಣ್ಯ ಇಲಾಖೆ ಮತ್ತು ಗಡಿ ಪ್ರದೇಶವಾದಲ್ಲಿ ಜಿಲ್ಲಾಡಳಿತದಿಂದ ಅನುಮತಿ ಪಡೆಯಬೇಕಾಗುತ್ತದೆ. ಅನುಮತಿ ಪತ್ರವು ಹೋಗಲು ಒಪ್ಪಿಗೆಯನ್ನು ಮಾತ್ರ ಸೂಚಿಸುತ್ತದೆ. ಆ ದಿನದ ಹಿಮದ ಸ್ಥಿತಿಗೆ ಅದು ಪ್ರಮಾಣಪತ್ರವಲ್ಲ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನಿನ್ನೆ ಬೇರೊಂದು ತಂಡ ಅದೇ ದಾರಿಯಲ್ಲಿ ಹೋಗಿ ಬಂದಿದೆ. ಇಂದು ಹೋಗಬಹುದೇ?
ಉತ್ತರ: ಹೆಜ್ಜೆಗುರುತುಗಳು ನಿನ್ನೆಯ ಸ್ಥಿತಿಯನ್ನು ತಿಳಿಸುತ್ತವೆ. ರಾತ್ರಿ ಮೋಡ ಕವಿದಿದ್ದಲ್ಲಿ ಅಥವಾ ಗಾಳಿ ಬೀಸಿದ್ದಲ್ಲಿ ಇಂದಿನ ಇಳಿಜಾರು ಬೇರೆಯೇ ಆಗಿರುತ್ತದೆ. ಕ್ರಮ ಸಂಖ್ಯೆ 7.2ರ ಪರೀಕ್ಷೆಯನ್ನು ಕಡ್ಡಾಯವಾಗಿ ಮಾಡಬೇಕು.

ಪ್ರಶ್ನೆ: ಮಾರ್ಗದರ್ಶಕರು ಜೊತೆಗಿರುವಾಗ ಆರೋಹಿಗಳು ಇದನ್ನೆಲ್ಲ ತಿಳಿಯಬೇಕೇ?
ಉತ್ತರ: ತಿಳಿಯಬೇಕು. ಹಣ ಕೊಟ್ಟವರು ಶಿಖರಕ್ಕಾಗಿ ಒತ್ತಾಯಿಸಿದಲ್ಲಿ ಮಾರ್ಗದರ್ಶಕರಿಗೆ "ಬೇಡ" ಎನ್ನುವುದು ಕಷ್ಟವಾಗುತ್ತದೆ. ವಿಷಯ ತಿಳಿದ ತಂಡವು ಅವರ ಮಾತಿಗೆ ಬೆಂಬಲ ನೀಡುತ್ತದೆ.

ಪ್ರಶ್ನೆ: ಹಿಮಕುಸಿತದ ಅಪಾಯ ಕಡಿಮೆಯಿದ್ದಲ್ಲಿ ನಿಶ್ಚಿಂತೆಯಿಂದ ಹೋಗಬಹುದೇ?
ಉತ್ತರ: ಇಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ತೆರಳಿದ್ದ ತಂಡದ 9 ಮಂದಿ ಮೃತಪಟ್ಟರು. ಅಲ್ಲಿ ಹಿಮ ಕುಸಿದಿರಲಿಲ್ಲ. ಹಿಮಗಾಳಿ ಮತ್ತು ಚಳಿಯೇ ಸಾವಿಗೆ ಕಾರಣವಾದವು. ಹವಾಮಾನ ಕೆಡುವ ಸೂಚನೆ ಇದ್ದಲ್ಲಿ ಎತ್ತರದ ಭಾಗಕ್ಕೆ ಹೋಗಬಾರದು.

ಪ್ರಶ್ನೆ: ತಂಡದಲ್ಲಿ ಭಿನ್ನಾಭಿಪ್ರಾಯ ಬಂದಲ್ಲಿ ಏನು ಮಾಡಬೇಕು?
ಉತ್ತರ: ಯಾರಾದರೂ ಒಬ್ಬರು ಹಿಂದಿರುಗೋಣವೆಂದಲ್ಲಿ ತಂಡವೆಲ್ಲ ಹಿಂದಿರುಗುವುದೆಂಬ ನಿಯಮವನ್ನು ಹೊರಡುವ ಮುನ್ನವೇ ಒಪ್ಪಿಕೊಂಡಿರಬೇಕು. ಬಹುಮತದಿಂದ ಹಿಮದ ಸ್ಥಿತಿ ಬದಲಾಗುವುದಿಲ್ಲ.

12. ತುರ್ತು ಸಂಪರ್ಕ

ರಾಷ್ಟ್ರೀಯ ತುರ್ತು ಸಹಾಯ ಸಂಖ್ಯೆ: 112
ರಾಜ್ಯ ವಿಪತ್ತು ನಿಯಂತ್ರಣ ಕೊಠಡಿ: 1070
ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ: 1077

ಎತ್ತರದ ಕಣಿವೆಗಳಲ್ಲಿ ಮೊಬೈಲ್ ಸಂಪರ್ಕ ಇರುವುದಿಲ್ಲ. ಆದುದರಿಂದ ತಂಡದ ಸದಸ್ಯರ ಪಟ್ಟಿ, ದಾರಿಯ ವಿವರ ಮತ್ತು ಹಿಂದಿರುಗುವ ದಿನಾಂಕವನ್ನು ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಹಾಗೂ ಮನೆಯವರ ಬಳಿ ಲಿಖಿತವಾಗಿ ನೀಡಿ ಹೊರಡತಕ್ಕದ್ದು. ಹೆಚ್ಚುವರಿ ದಿನಗಳನ್ನು ಬಳಸಿಕೊಳ್ಳುವ ಸಾಧ್ಯತೆಯನ್ನೂ ಅದರಲ್ಲಿ ನಮೂದಿಸಬೇಕು. ಹಾಗೆ ಮಾಡಿದಲ್ಲಿ, ಹಿಮ ಗಟ್ಟಿಯಾಗಲೆಂದು ಶಿಬಿರದಲ್ಲಿ ಕಾದು ಕುಳಿತ ತಂಡವು ಮನೆಯವರಿಗೆ ಆತಂಕವಾಗುವುದೆಂಬ ಕಾರಣಕ್ಕೆ ಅವಸರಪಡುವ ಅಗತ್ಯ ಬರುವುದಿಲ್ಲ.